ಚಿಂಚೋಳಿ ಕಾಡಿನಲ್ಲಿ ಎರಡು ರಾತ್ರಿ: ಯಾವ ನೀರಿನ ಫಿಲ್ಟರ್ ಒಯ್ಯಬೇಕು?

ತೊಗರಿ ನಾಡು, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಗೆ ನಾವು ನಾಲ್ಕು ಜನ ಚಿಂಚೋಳಿ ಕಡೆ ಎರಡು ರಾತ್ರಿ ಟೆಂಟ್ ಹಾಕಬೇಕು ಅಂತಿದ್ದೇವೆ. ಅದು ಅಭಯಾರಣ್ಯ, ಅನುಮತಿ ಬೇಕು ಅನ್ನೋದು ಗೊತ್ತು. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಾಗಿದೆ, ಅವರು ಎಲ್ಲಿ ಇಳಿಯೋಕೆ ಹೇಳುತ್ತಾರೋ ಅಲ್ಲೇ ಇಳಿಯೋದು. ಒಂದು ದಿನ ಚಂದ್ರಂಪಳ್ಳಿ ಡ್ಯಾಂ ಕಡೆ, ಇನ್ನೊಂದು ದಿನ ಎತ್ತಿಪೋತ ಜಲಪಾತದ ಕಡೆ ನಡೆಯೋ ಯೋಚನೆ.

ನನ್ನ ತಲೆಬಿಸಿ ನೀರಿಂದು. ಇಪ್ಪತ್ತು ಲೀಟರ್ ಕ್ಯಾನ್ ಹೊತ್ತು ನಡೆಯೋದು ಆಗದ ಮಾತು. ಅದಕ್ಕೆ ಫಿಲ್ಟರ್ ಕೊಳ್ಳೋಣ ಅಂತ ಆನ್‌ಲೈನ್‌ನಲ್ಲಿ ನೋಡಿದರೆ ನಾಲ್ಕೈದು ತರ ಇವೆ: ಬಾಯಲ್ಲಿಟ್ಟು ಹೀರೋ ಸ್ಟ್ರಾ, ಚೀಲ ಹಿಂಡಿ ನೀರು ಇಳಿಸೋದು, ಮರಕ್ಕೆ ತೂಗು ಹಾಕೋ ಚೀಲ, ಕೈಪಂಪು, ಆಮೇಲೆ ಬ್ಯಾಟರಿಯ ಯುವಿ (ನೇರಳಾತೀತ ಬೆಳಕಿನ) ದೀಪ. ಎಲ್ಲದರ ಮೇಲೂ 99.9999 ಪರ್ಸೆಂಟ್ ಅಂತ ಬರೆದಿದ್ದಾರೆ. ನಮ್ಮ ಹಳ್ಳದ ರಾಡಿ ನೀರಿಗೆ ಇವು ತಡೆಯುತ್ತವಾ? ಜೊತೆಗೆ ನನ್ನ ತಮ್ಮನೂ ಬರ್ತಾನೆ, ಅವನಿಗೆ ಹದಿನಾಲ್ಕು ವರ್ಷ, ಅವನ ಹೊಟ್ಟೆ ಕೆಟ್ಟರೆ ಮನೆಯಲ್ಲಿ ಅವ್ವ ನನ್ನನ್ನ ಬಿಡೋದಿಲ್ಲ. ಬಳಸಿದವರು ದಯವಿಟ್ಟು ಹೇಳಿ.

ಕೊಂಚಾವರಂ ಹಾದಿ, ಚಿಂಚೋಳಿ:

ಅನುಮತಿ ತಗೊಂಡು ಬರ್ತಿದ್ದೀರಿ, ಅದು ಬಹಳ ಒಳ್ಳೇದು. ಈಗ ನೀರಿನ ವಿಷಯ.

ಮೊದಲು ಲೆಕ್ಕ ಹಾಕಿ. ಅಕ್ಟೋಬರ್ ಬಿಸಿಲಿಗೆ ನಡೆಯೋ ಮನುಷ್ಯನಿಗೆ ಕುಡಿಯೋಕೆ, ಅಡುಗೆಗೆ ಸೇರಿ ದಿನಕ್ಕೆ 5 ಲೀಟರ್ ಹಿಡಿಯಿರಿ. ನಾಲ್ಕು ಜನಕ್ಕೆ 20 ಲೀಟರ್ ಆಯ್ತು. ಇಷ್ಟು ನೀರನ್ನ ಸ್ಟ್ರಾದಲ್ಲಿ ಹೀರೋಕೆ ಆಗುತ್ತಾ? ಸ್ಟ್ರಾ ಇದ್ದರೆ ಹಳ್ಳದ ದಂಡೆಗೆ ಬಗ್ಗಿ ಕುಡಿಯಬೇಕು, ಬಾಟಲಿಗೆ ತುಂಬಿಕೊಳ್ಳೋಕೆ ಬರಲ್ಲ, ಅನ್ನಕ್ಕೆ ಎಸರು ಇಡೋಕೂ ಬರಲ್ಲ. ಅದು ಒಬ್ಬರಿಗೆ, ಅದೂ ಆಪತ್ತಿಗೆ ಸರಿ. ಕೈಪಂಪು ಗಟ್ಟಿ ಸಾಮಾನು, ಆದರೆ ಭಾರ ಜಾಸ್ತಿ, ಇಪ್ಪತ್ತು ಲೀಟರ್ ಪಂಪ್ ಮಾಡೋಷ್ಟರಲ್ಲಿ ತೋಳು ನೋಯುತ್ತೆ. ಯುವಿ ದೀಪಕ್ಕೆ ತಿಳಿ ನೀರೇ ಬೇಕು. ರಾಡಿಯಲ್ಲಿ ಬೆಳಕು ಒಳಗೆ ಹೋಗೋದೇ ಇಲ್ಲ, ಮಣ್ಣಿನ ಕಣದ ಮರೆಯಲ್ಲಿರೋ ರೋಗಾಣು ಹಾಗೇ ಉಳಿಯುತ್ತೆ. ನಿಮ್ಮಂಥ ಗುಂಪಿಗೆ ತೂಗು ಹಾಕೋ ಚೀಲದ ಫಿಲ್ಟರೇ ಸರಿ. ಕೊಳೆ ನೀರಿನ ಚೀಲ ಮೇಲೆ ಕೊಂಬೆಗೆ, ಶುದ್ಧ ನೀರಿನ ಪಾತ್ರೆ ಕೆಳಗೆ, ನಡುವೆ ಫಿಲ್ಟರ್. ನೀವು ಟೆಂಟ್ ಹಾಕಿ ಒಲೆ ಹೂಡೋದರೊಳಗೆ ನೀರು ಇಳಿದಿರುತ್ತೆ. ಜೊತೆಗೆ ಹಿಂಡೋ ಫಿಲ್ಟರ್ ಒಂದು ಇದ್ದರೆ ನಡೆಯೋವಾಗ ಉಪಯೋಗ, ಅದು ನೂರು ಗ್ರಾಂ ಕೂಡ ತೂಗಲ್ಲ. ಸಾಯರ್ ಕಂಪನಿಯದರ ತರದ ಹಿಂಡೋ ಫಿಲ್ಟರ್‌ಗಳು 28 ಮಿಲಿಮೀಟರ್ ಬಾಯಿಯ ತಂಪು ಪಾನೀಯದ ಬಾಟಲಿಗೆ ಕೂರುತ್ತವೆ. ಎಲ್ಲ ನೀರಿನ ಬಾಟಲಿಗೂ ಕೂರೋದಿಲ್ಲ, ಮನೆಯಲ್ಲೇ ತಿರುಗಿಸಿ ನೋಡಿ.

ಇನ್ನು ರಾಡಿ. ಇಂಥ ಫಿಲ್ಟರ್‌ಗಳ ಒಳಗೆ ಶ್ಯಾವಿಗೆ ಎಳೆ ತರದ ಸಣ್ಣ ಸಣ್ಣ ಕೊಳವೆಗಳ ಕಟ್ಟು ಇರುತ್ತೆ. ಅದರ ಗೋಡೆಯ ರಂಧ್ರ 0.1 ಅಥವಾ 0.2 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು). ನಮ್ಮ ಎರೆ ಮಣ್ಣು ಇದೆಯಲ್ಲ, ಅದು ಬಹಳ ನುಣುಪು, ಮಳೆ ಬಿದ್ದ ಮಾರನೇ ದಿನ ಹಳ್ಳದ ನೀರು ಚಹಾ ಬಣ್ಣ ಇರುತ್ತೆ. ಅದನ್ನ ಹಾಗೇ ಸುರಿದರೆ ರಂಧ್ರ ಕಟ್ಟಿಕೊಂಡು ಸ್ವಲ್ಪ ಹೊತ್ತಿಗೆ ನೀರು ಹನಿ ಹನಿ ಬೀಳೋಕೆ ಶುರು. ಆಗ ಜನ ಜೋರಾಗಿ ಹಿಂಡುತ್ತಾರೆ, ಚೀಲ ಒಡೆಯುತ್ತೆ. ಅದಕ್ಕೇ ಫಿಲ್ಟರ್‌ಗೆ ಹಾಕೋ ಮುಂಚೆ ನೀರನ್ನ ತಿಳಿ ಮಾಡಿಕೊಳ್ಳಿ. ಸಂಜೆ ತುಂಬಿದ ಪಾತ್ರೆಯನ್ನ ಅಲ್ಲಾಡಿಸದೆ ಬೆಳಗಿನ ತನಕ ಬಿಟ್ಟರೆ ಒಂದಷ್ಟು ಮಣ್ಣು ತಳ ಸೇರುತ್ತೆ. ಎರೆ ಮಣ್ಣು ಬೇಗ ಕೂರೋದಿಲ್ಲ, ಅದಕ್ಕೆ ಪಟಿಕ ಬೇಕು. ಪಟಿಕದ ಗಡ್ಡೆಯನ್ನ ನೀರಲ್ಲಿ ಹಿಡಿದು ನಿಧಾನ ನಾಲ್ಕಾರು ಸುತ್ತು ತಿರುಗಿಸಿ ತೆಗೆಯಿರಿ, ಅರ್ಧ ತಾಸು ಮುಟ್ಟಬೇಡಿ. ಮಣ್ಣು ಮುದ್ದೆ ಮುದ್ದೆಯಾಗಿ ಕೂಡಿ ಕೆಳಗೆ ಇಳಿಯೋದು ಕಣ್ಣಿಗೆ ಕಾಣುತ್ತೆ. ಮೇಲಿನ ತಿಳಿಯನ್ನ ಮಾತ್ರ ಬಗ್ಗಿಸಿ, ನಾಲ್ಕು ಮಡಿಕೆ ಮಾಡಿದ ಹಳೇ ಧೋತರದಲ್ಲಿ ಸೋಸಿ, ಆಮೇಲೆ ಫಿಲ್ಟರ್. ಇನ್ನೊಂದು ದಾರಿ ಒರತೆ. ಹಳ್ಳದ ಅಂಚಿನಿಂದ ಎರಡು ಹೆಜ್ಜೆ ದೂರ ಉಸುಕಿನಲ್ಲಿ ಮೊಳದುದ್ದ ಗುಂಡಿ ತೋಡಿ, ಮೊದಲು ಬಂದ ನೀರನ್ನ ಮೊಗೆದು ಚೆಲ್ಲಿ, ಆಮೇಲೆ ಬರೋ ನೀರು ಎಷ್ಟೋ ತಿಳಿ ಇರುತ್ತೆ. ಉಸುಕು ಅರ್ಧ ಕೆಲಸ ಮಾಡಿಕೊಟ್ಟಿರುತ್ತೆ. ವಾಪಸು ಬರುವಾಗ ಗುಂಡಿ ಮುಚ್ಚಿ.

ಫಿಲ್ಟರ್ ಜೊತೆ ಬರೋ ದೊಡ್ಡ ಸಿರಿಂಜ್ ಮನೆಯಲ್ಲಿ ಬಿಟ್ಟು ಬರಬೇಡಿ. ದಿನಕ್ಕೊಮ್ಮೆ ಶುದ್ಧ ನೀರು ತುಂಬಿ, ನೀರು ಹೊರಬರೋ ಕಡೆಯಿಂದ ಹಿಂದಕ್ಕೆ ಜೋರಾಗಿ ಒತ್ತಿ. ಕಂದು ನೀರು ಹೊರಗೆ ಬರುತ್ತೆ, ಅದು ತಿಳಿಯಾಗೋ ತನಕ ಒತ್ತಬೇಕು.

ಲ್ಯಾಬ್ ಅಕ್ಕ, ಕಲಬುರಗಿ:

ಮೇಲೆ ಅಣ್ಣ ಹೇಳಿದ್ದೆಲ್ಲ ಸರಿ, ಒಂದು ವಿಷಯ ಬಿಟ್ಟು ಹೋಗಿದೆ: ವೈರಸ್. ಆ 99.9999 ಅಂಕಿ ಯಾವುದರ ಮುಂದೆ ಬರೆದಿದೆ ನೋಡಿ ತಮ್ಮಾ. ಅದು ಬ್ಯಾಕ್ಟೀರಿಯಾಗೆ. ಟೈಫಾಯ್ಡ್, ಕಾಲರಾ ತರುವ ಬ್ಯಾಕ್ಟೀರಿಯಾ 0.1 ಮೈಕ್ರಾನ್ ರಂಧ್ರದಲ್ಲಿ ನುಸುಳಲ್ಲ. ಭೇದಿ ತರುವ ಪರಾವಲಂಬಿ ಸೂಕ್ಷ್ಮಜೀವಿಗಳಲ್ಲಿ ಜಿಯಾರ್ಡಿಯಾ 8ರಿಂದ 12 ಮೈಕ್ರಾನ್, ಕ್ರಿಪ್ಟೋಸ್ಪೊರಿಡಿಯಂ 4ರಿಂದ 6, ಅವಂತೂ ಸಿಕ್ಕಿ ಬೀಳುತ್ತವೆ. ಆದರೆ ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಸುಮಾರು 0.03 ಮೈಕ್ರಾನ್ ಅಷ್ಟೇ. ಹೆಪಟೈಟಿಸ್ ಇ ಕೂಡ ಅದೇ ಅಳತೆಯದು. ಸಾದಾ ಫಿಲ್ಟರ್‌ನಲ್ಲಿ ಇವು ಆರಾಮಾಗಿ ದಾಟಿ ಬರುತ್ತವೆ.

ಈ ಫಿಲ್ಟರ್‌ಗಳನ್ನ ಹೆಚ್ಚಾಗಿ ಮಾಡಿದ್ದು ಜನರೇ ಇಲ್ಲದ ಬೆಟ್ಟದ ತೊರೆಗಳಿಗೆ. ಅಲ್ಲಿ ಮೇಲ್ಗಡೆ ಮನುಷ್ಯರ ಮಲ ನೀರಿಗೆ ಸೇರೋದು ಕಡಿಮೆ, ಹಾಗಾಗಿ ವೈರಸ್ ಚಿಂತೆಯೂ ಕಡಿಮೆ. ನಮ್ಮ ಕಡೆ ಕಾಡು ಅಂದ್ರೂ ಹಳ್ಳದ ಮೇಲ್ಗಡೆ ಎಲ್ಲೋ ಒಂದು ಊರೋ ತಾಂಡಾನೋ ಇದ್ದೇ ಇರುತ್ತೆ, ದನ ಕುರಿ ನೀರಿಗೆ ಇಳಿಯುತ್ತವೆ, ಬಯಲಿಗೆ ಹೋಗೋದು ಇನ್ನೂ ಪೂರ್ತಿ ನಿಂತಿಲ್ಲ. ಹಾಗಾಗಿ ಫಿಲ್ಟರ್ ಆದ ಮೇಲೆ ಇನ್ನೊಂದು ಕೆಲಸ ಬೇಕೇ ಬೇಕು. ಒಂದೋ ಕುದಿಸಿ, ಇಲ್ಲ ಕ್ಲೋರಿನ್ ಮಾತ್ರೆ ಹಾಕಿ. ಕುದಿಸೋದಾದರೆ ನೀರು ಕುಣಿಯೋ ಹಾಗೆ ಒಂದು ನಿಮಿಷ ಸಾಕು. ಮೂರು ನಿಮಿಷ ಬೇಕಾಗೋದು ಎರಡು ಸಾವಿರ ಮೀಟರ್‌ಗಿಂತ ಎತ್ತರದಲ್ಲಿ, ನಮ್ಮಲ್ಲಿ ಅಂಥ ಬೆಟ್ಟ ಇಲ್ಲ. ಮಾತ್ರೆಯಾದರೆ ಪ್ಯಾಕೆಟ್ ಮೇಲೆ ಎಷ್ಟು ಲೀಟರ್‌ಗೆ ಒಂದು ಅಂತ ಬರೆದಿರುತ್ತೋ ಅಷ್ಟೇ ಹಾಕಿ, ಕನಿಷ್ಠ ಅರ್ಧ ತಾಸು ಬಿಡಿ, ಬಾಟಲಿಯ ಮುಚ್ಚಳ ಸ್ವಲ್ಪ ಸಡಿಲ ಮಾಡಿ ಆ ನೀರು ಮುಚ್ಚಳದ ಹಲ್ಲುಗಳಿಗೂ ತಾಗೋ ಹಾಗೆ ಮಾಡಿ. ತುಟಿ ತಾಗೋದು ಅಲ್ಲೇ ಅಲ್ವಾ.

ಮಾತ್ರೆ ಇದ್ದರೆ ಫಿಲ್ಟರ್ ಯಾಕೆ ಅಂತ ಕೇಳಬಹುದು. ಕ್ರಿಪ್ಟೋಸ್ಪೊರಿಡಿಯಂ ಕ್ಲೋರಿನ್‌ಗೆ ಜಗ್ಗಲ್ಲ, ರಾಡಿ ನೀರಲ್ಲಿ ಕ್ಲೋರಿನ್ ಶಕ್ತಿಯೂ ಮಣ್ಣಿಗೇ ಖರ್ಚಾಗುತ್ತೆ. ಒಂದು ಬಿಟ್ಟದ್ದನ್ನ ಇನ್ನೊಂದು ಹಿಡಿಯುತ್ತೆ, ಎರಡೂ ಬೇಕು. ಗರ್ಭಿಣಿಯರು ಯಾರಾದರೂ ಇಂಥ ಪ್ರವಾಸಕ್ಕೆ ಬರೋದಾದರೆ ಹಳ್ಳದ ನೀರು ಬೇಡವೇ ಬೇಡ. ಹೆಪಟೈಟಿಸ್ ಇ ಅವರ ಜೀವಕ್ಕೇ ಕುತ್ತು ತರಬಹುದು.

ಧೋತರದ ಮಾತು ಬಂತಲ್ಲ, ಅದನ್ನ ಹಗುರವಾಗಿ ನೋಡಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆಯನ್ನ ಮಡಿಸಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು ಅಂತ 2003ರಲ್ಲಿ ಅಧ್ಯಯನ ಬಂದಿದೆ. ನಾರು ಹುಣ್ಣು ಹೋಗಿದ್ದರಲ್ಲೂ ಬಟ್ಟೆಯ ಪಾಲು ದೊಡ್ಡದು. ಮೆಟ್ಟಿಲು ಬಾವಿಯ ನೀರಿನ ಸಣ್ಣ ಹುಳುವಿನ ಮೂಲಕ ಬರ್ತಿದ್ದ ರೋಗ ಅದು, ಬಟ್ಟೆಯಲ್ಲಿ ಸೋಸಿದರೆ ಆ ಹುಳು ಮೇಲೇ ಉಳಿಯುತ್ತೆ. ಭಾರತ ನಾರು ಹುಣ್ಣಿನಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2000ದಲ್ಲಿ. ಆದರೂ ಬಟ್ಟೆ ಒಂದನ್ನೇ ನಂಬಿ ಕುಡಿಯಬೇಡಿ, ಅದು ಮೊದಲ ಹಂತ ಮಾತ್ರ.

ಸುರಪುರದ ರೈತ:

ನೀವೆಲ್ಲ ರೋಗಾಣು ಬಗ್ಗೆ ಹೇಳಿದ್ರಿ, ಬೆಳೆಗೆ ಹೊಡೆಯೋ ಔಷಧಿ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಟೋಬರ್, ನವೆಂಬರ್ ಅಂದ್ರೆ ತೊಗರಿ ಹೂವು ಬಿಡೋ ಕಾಲ, ಕಾಯಿ ಕೊರಕ ಹುಳಕ್ಕೆ ಎಲ್ಲ ಹೊಲದಲ್ಲೂ ಹೊಡೆಯುತ್ತಾರೆ. ಹತ್ತಿಗೂ ಹೊಡೆಯುತ್ತಾರೆ. ಕೆಲವರು ಹಳ್ಳದ ನೀರನ್ನೇ ಕ್ಯಾನ್‌ಗೆ ತುಂಬಿ, ಕೆಲಸ ಮುಗಿದ ಮೇಲೆ ಅಲ್ಲೇ ತೊಳೆದು ಹೋಗ್ತಾರೆ. ದಂಡೆಯ ಪೊದೆಯಲ್ಲಿ ಖಾಲಿ ಬಾಟಲಿ ಬಿದ್ದಿದ್ದು ಕಂಡರೆ ಅಲ್ಲಿ ನೀರು ತುಂಬಲೇಬೇಡಿ. ನೀರಲ್ಲಿ ಕರಗಿದ ವಿಷ 0.1 ಮೈಕ್ರಾನ್‌ನಲ್ಲಿ ನಿಲ್ಲೋದಿಲ್ಲ, ಕುದಿಸಿದರೂ ಹೋಗೋ ಭರವಸೆ ಇಲ್ಲ, ಕ್ಲೋರಿನ್‌ಗೂ ಅದಕ್ಕೂ ಸಂಬಂಧ ಇಲ್ಲ. ಇದ್ದಿಲಿನ ಫಿಲ್ಟರ್ ಕೆಲವನ್ನ ಒಂದಷ್ಟು ಹೀರಿಕೊಳ್ಳುತ್ತೆ, ಅಷ್ಟೇ, ಅದನ್ನ ನಂಬಿಕೊಂಡು ಕೂರೋಕೆ ಆಗಲ್ಲ. ಹೊಲದ ಪಕ್ಕ ಹರಿದು ಬಂದ ನೀರು ಬಿಟ್ಟು, ಕಾಡಿನ ಒಳಗಿಂದ ಇಳಿದು ಬರೋ ಕವಲು ಹುಡುಕಿ. ಹಸಿರು ಪಾಚಿ ಪೇಂಟ್ ಚೆಲ್ಲಿದ ಹಾಗೆ ತೇಲೋ ನಿಂತ ನೀರೂ ಬೇಡ, ಕೆಲವು ಪಾಚಿಯ ವಿಷ ಕುದಿಸಿದರೂ ಹೋಗಲ್ಲ.

ಬೋರ್‌ವೆಲ್ ಸಿಕ್ಕರೆ ರೋಗಾಣು ಭಯ ಕಡಿಮೆ, ಆದರೆ ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳಲ್ಲಿ ಫ್ಲೋರೈಡ್ ಇರೋ ಬೋರ್‌ಗಳಿವೆ. ನಮ್ಮ ಸುರಪುರದ ಕಡೆ, ಚಿನ್ನದ ಅದಿರಿನ ಬಂಡೆ ಇರೋ ಭಾಗದಲ್ಲಿ, ಆರ್ಸೆನಿಕ್ ಕೂಡ ಸಿಕ್ಕಿದೆ. ಕುದಿಸಿದರೆ ನೀರು ಆವಿಯಾಗಿ ಇವು ಇನ್ನೂ ಗಟ್ಟಿಯಾಗುತ್ತವೆ. ಫ್ಲೋರೈಡ್ ಎರಡು ದಿನಕ್ಕೆ ಏನೂ ಮಾಡಲ್ಲ, ಅದು ವರ್ಷಗಟ್ಟಲೆ ಕುಡಿದವರ ಹಲ್ಲು, ಎಲುಬು ತಿನ್ನೋದು. ಆದರೂ ಊರವರು ಈ ಬೋರ್ ನೀರು ಕುಡಿಯೋಕೆ ಬೇಡ ಅಂದ್ರೆ ಅವರ ಮಾತು ಕೇಳಿ. ದನ ಮೇಯಿಸೋರನ್ನ ಕೇಳಿ, ಯಾವ ನೀರು ಎಂಥದು ಅಂತ ಅವರಿಗೆ ಗೊತ್ತಿರೋಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ.

ತೊಗರಿ ನಾಡು, ಕಲಬುರಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಔಷಧಿ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಹಾಗಾದರೆ ತೂಗು ಚೀಲ, ಪಟಿಕ, ಧೋತರ, ಮಾತ್ರೆ. ಒಲೆ ಅಂತ ಸಣ್ಣ ಗ್ಯಾಸ್ ಸ್ಟೌ ಇದೆ, ಇಲಾಖೆಯವರು ಒಪ್ಪಿದರೆ ಮಾತ್ರ ಒಯ್ತೀವಿ. ಎರಡು ಪ್ರಶ್ನೆ ಉಳಿದಿವೆ. ಝರಿಯ ನೀರು ಗಾಜಿನ ಹಾಗೆ ತಿಳಿ ಇದ್ದರೆ ಇಷ್ಟೆಲ್ಲ ಬೇಕಾ? ಆಮೇಲೆ ವಾಪಸು ಬಂದ ಮೇಲೆ ಫಿಲ್ಟರ್ ಹೇಗೆ ಇಡೋದು, ಮುಂದಿನ ವರ್ಷ ಹಿಮಾಲಯದ ಟ್ರೆಕ್‌ಗೂ ಅದನ್ನೇ ಒಯ್ಯೋ ಆಸೆ ಇದೆ.

ಕೆಂಪು ಕಲ್ಲು, ಬೀದರ್:

ಝರಿ ಬಗ್ಗೆ ನಾನು ಹೇಳ್ತೀನಿ. ನಮ್ಮ ಬೀದರ್ ನಿಂತಿರೋದೇ ಕೆಂಪು ಜಂಬಿಟ್ಟಿಗೆಯ ಮೇಲೆ. ಮಳೆ ನೀರು ಅದರ ತೂತುಗಳಲ್ಲಿ ಇಳಿದು, ಕೆಳಗಿನ ಕರಿಕಲ್ಲು ತಡೆದಲ್ಲಿ ಪಕ್ಕಕ್ಕೆ ಹರಿದು ಝರಿಯಾಗಿ ಬರುತ್ತೆ. ಬಹಮನಿ ಕಾಲದವರು ಇದನ್ನ ಅರಿತೇ ನೌಬಾದ್ ಕಡೆ ನೆಲದೊಳಗೆ ಕರೇಜ್ ಅನ್ನೋ ನೀರಿನ ಸುರಂಗ ತೋಡಿಸಿದ್ದು. ನೀರು ನೋಡೋಕೆ ಬಹಳ ಚಂದ, ತಂಪು. ಆದರೆ ತೂತು ದೊಡ್ಡದಾದಷ್ಟು ನೀರು ಬೇಗ ಇಳಿಯುತ್ತೆ, ಸೋಸೋಕೆ ಸಮಯವೇ ಸಿಗಲ್ಲ. ಮೇಲೆ ಮನೆ, ಪಾಯಖಾನೆ ಗುಂಡಿ ಇದ್ದರೆ ಅದೂ ಅದೇ ದಾರಿಯಲ್ಲಿ ಇಳಿಯುತ್ತೆ. ತಿಳಿ ಝರಿಯಾದರೆ ಪಟಿಕ, ಧೋತರ ಬಿಡಿ. ಫಿಲ್ಟರ್, ಮಾತ್ರೆ ಬಿಡಬೇಡಿ.

ಕೊಂಚಾವರಂ ಹಾದಿ, ಚಿಂಚೋಳಿ:

ಕೊಳೆ ಚೀಲ ಯಾವುದು, ಶುದ್ಧ ಬಾಟಲಿ ಯಾವುದು ಅಂತ ಮೊದಲೇ ಕೆಂಪು ಟೇಪ್ ಸುತ್ತಿ ಗುರುತು ಮಾಡಿ. ಚೀಲ ತುಂಬಿ ತೂಗು ಹಾಕಿದಾಗ ಅದರ ಹೊರಮೈಗೆ ಅಂಟಿದ ಹಳ್ಳದ ನೀರು ಪೈಪಿನ ಗುಂಟ ಜಾರಿ, ತುದಿಯಲ್ಲಿ ಹನಿಗಟ್ಟಿ, ಸೀದಾ ಕೆಳಗಿನ ಬಾಟಲಿಯ ಬಾಯಿಗೆ ಬೀಳುತ್ತೆ. ಹತ್ತಾರು ಲೀಟರ್ ಸೋಸಿದ್ದೆಲ್ಲ ಆ ಒಂದು ಹನಿಗೆ ವ್ಯರ್ಥ. ಮೊದಲು ಚೀಲ, ಪೈಪು ಒರೆಸಿ, ಕೈ ಸೋಪು ಹಾಕಿ ತೊಳೆದು, ಆಮೇಲೆ ಬಾಟಲಿ ಇಡಿ. ಈ ಕೆಲಸ ತಮ್ಮನಿಗೆ ಒಪ್ಪಿಸಿ, ಹುಡುಗರು ಇಂಥದನ್ನ ನಿಷ್ಠೆಯಿಂದ ಮಾಡ್ತಾರೆ.

ವಾಪಸು ಬಂದ ದಿನವೇ ಸಿರಿಂಜ್‌ನಿಂದ ಹಿಂದಕ್ಕೆ ತೊಳೆದು, ನೀರು ಕೊಡವಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ ಇಡಿ. ಕಾರಿನಲ್ಲಿ ಬಿಡಬೇಡಿ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯವರಾದರೆ ಕೊನೆಯ ತೊಳೆತಕ್ಕೆ ಬೋರ್ ನೀರು ಬೇಡ. ಸುಣ್ಣಕಲ್ಲಿನ ಗಡಸು ನೀರು, ಒಣಗಿದ ಮೇಲೆ ಒಳಗೆ ಬಿಳಿ ಸುಣ್ಣ ಕಟ್ಟುತ್ತೆ. ಆಗಲೇ ಕಟ್ಟಿದ್ದರೆ ಬಿಳಿ ವಿನೆಗರ್‌ನಲ್ಲಿ ಅರ್ಧ ತಾಸು ನೆನೆಸಿ, ಚೆನ್ನಾಗಿ ತೊಳೆಯಿರಿ.

ಹಿಮಾಲಯದ್ದು ಬೇರೆ ಕತೆ. ಒಮ್ಮೆ ನೀರು ತಾಗಿದ ಫಿಲ್ಟರ್ ಒಳಗೆ ತೇವ ಉಳಿದೇ ಇರುತ್ತೆ. ರಾತ್ರಿ ಅದು ಹೆಪ್ಪುಗಟ್ಟಿ ಹಿಗ್ಗಿದರೆ ಕೊಳವೆಗಳು ಸೀಳುತ್ತವೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗಲ್ಲ, ನೀರು ಮೊದಲಿಗಿಂತ ಸಲೀಸಾಗಿ ಬರುತ್ತೆ, ರೋಗಾಣುವೂ ಬರುತ್ತೆ. ಅಲ್ಲಿ ರಾತ್ರಿ ಅದನ್ನ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಂಡು ಮಲಗಿ. ಹೆಪ್ಪುಗಟ್ಟಿತ್ತು ಅನ್ನೋ ಅನುಮಾನ ಬಂದರೂ ಸಾಕು, ಎಸೆದು ಹೊಸದು ತಗೊಳ್ಳಿ. ಬರೋ ಮುಂಚೆ ಇಲ್ಲಿ ಒಂದು ಮಾತು ಹಾಕಿ, ಆ ವಾರ ಹಳ್ಳದಲ್ಲಿ ನೀರು ಹೇಗಿದೆ ಅಂತ ನೋಡಿ ಹೇಳ್ತೀನಿ.