ಕಚೇರಿಯಲ್ಲಿ ನಡೆಯುವ ಅಂಕಿ ಎಂಬಿಎ ವರದಿಗೆ ಏಕೆ ಸಾಲದು?

ಪ್ರಶ್ನೆ: ಮೇಡಂ, ನಮಸ್ಕಾರ. ಹಗಲು ಮಾರಾಟ ವಿಭಾಗದಲ್ಲಿ ಕೆಲಸ, ಸಂಜೆ ಎಂಬಿಎ ಓದು. ನನ್ನ ಮಾರುಕಟ್ಟೆ ವರದಿಯನ್ನು ‘ಆಧಾರ ಸಾಲದು’ ಎಂದು ಅಧ್ಯಾಪಕರು ಹಿಂದಿರುಗಿಸಿದ್ದಾರೆ. ಅಂಕಿಗಳೆಲ್ಲ ಒಂದು ಸಾಫ್ಟ್‌ವೇರ್ ಕಂಪನಿ ಹೊರತಂದ ವರದಿಯವು. ಕಚೇರಿಯಲ್ಲಿ ಎಲ್ಲರೂ ಇಂಥದ್ದನ್ನೇ ಬಳಸುತ್ತೇವಲ್ಲ?

ಗ್ರಂಥಪಾಲಕಿ: ನಮಸ್ಕಾರ ಸರ್. ಆ ವರದಿಯನ್ನು ಧಾರಾಳವಾಗಿ ಓದಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅದನ್ನು ಬರೆಸಿದವರು ಅದೇ ಸಾಫ್ಟ್‌ವೇರ್ ಮಾರಬೇಕಾದವರು. ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಎಷ್ಟು ಜನರನ್ನು ಕೇಳಿದರು, ಅವರನ್ನು ಹೇಗೆ ಆರಿಸಿದರು, ಕೇಳಿದ ಪ್ರಶ್ನೆ ಯಾವುದು ಎಂಬ ವಿವರ ಅದರಲ್ಲಿದೆಯೇ? ಪೂರೈಕೆದಾರ ಕೊಟ್ಟ ದರಪಟ್ಟಿಯನ್ನು ನೀವು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಆ ಎಚ್ಚರವನ್ನೇ ಇಲ್ಲಿಗೂ ತನ್ನಿ. ಅಡಿಟಿಪ್ಪಣಿ ಹಿಡಿದು ಮೂಲ ಸಮೀಕ್ಷೆಯವರೆಗೆ ಹೋಗಿ. ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು ಬಂದ ಅಂಕಿಗೆ ಎಷ್ಟೋ ಬಾರಿ ಮೂಲವೇ ಸಿಗುವುದಿಲ್ಲ. ಸಿಗದಿದ್ದರೆ ಕೈಬಿಡಿ.

ಅನುಭವವೊಂದೇ ಇಲ್ಲಿ ಕಾಪಾಡುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಹೊರತಂದ ಅಧ್ಯಯನದಲ್ಲಿ ಇತಿಹಾಸದ ವಿದ್ವಾಂಸರೂ ಅಚ್ಚುಕಟ್ಟಾದ ಜಾಲತಾಣ, ಲಾಂಛನಗಳಿಗೆ ಮೋಸಹೋದರು. ವೃತ್ತಿಪರ ಸತ್ಯಪರಿಶೀಲಕರು ಮಾತ್ರ ಆ ಪುಟದಿಂದ ಬೇಗನೆ ಹೊರಬಂದು, ಬೇರೆ ಟ್ಯಾಬ್‌ಗಳಲ್ಲಿ ಆ ಸಂಸ್ಥೆಯ ಬಗ್ಗೆ ಉಳಿದವರು ಏನು ಹೇಳುತ್ತಾರೆಂದು ನೋಡಿದರು. ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ದುಡಿದು ಓದುವವರಿಗೆ ನಾನು ಮೊದಲು ಕಲಿಸುವುದು ಇದನ್ನೇ.

ಕಂಪನಿಯ ವಾರ್ಷಿಕ ವರದಿ ಬಳಸುವುದಾದರೆ ಅಧ್ಯಕ್ಷರ ಸಂದೇಶಕ್ಕಿಂತ ಹೆಚ್ಚಾಗಿ ಕೊನೆಯ ಪುಟಗಳ ಲೆಕ್ಕಪರಿಶೋಧಿತ ಹಣಕಾಸು ಪಟ್ಟಿ ಮತ್ತು ಅದರ ಟಿಪ್ಪಣಿಗಳನ್ನು ಓದಿ. ಬಾಕಿ ಮೊಕದ್ದಮೆಗಳು, ಲೆಕ್ಕದ ವಿಧಾನ ಬದಲಾದದ್ದು ಎಲ್ಲ ಅಲ್ಲಿರುತ್ತವೆ.

ಅದೇ ಪ್ರಶ್ನೆಗಾರರು: ಎಐ ಚಾಟ್‌ಬಾಟ್ ಲೇಖಕರ ಹೆಸರು, ವರ್ಷ ಸಮೇತ ಆಕರ ಕೊಡುತ್ತದೆ. ಅದನ್ನು ಬಳಸಬಹುದೇ ಮೇಡಂ?

ಗ್ರಂಥಪಾಲಕಿ: ಲೇಖನವನ್ನು ನೀವೇ ತೆರೆದು ಓದದೆ ಬೇಡ. ಚಾಟ್‌ಜಿಪಿಟಿ ಕಲ್ಪಿಸಿದ, ಇಲ್ಲವೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ 2023ರಲ್ಲಿ 5,000 ಡಾಲರ್ ದಂಡ ಹಾಕಿತು. ಹುಡುಕಲು ಯಾವ ಪದ ಬಳಸಲಿ ಎಂದು ಚಾಟ್‌ಬಾಟನ್ನು ಕೇಳಿ. ಹುಡುಕಾಟವನ್ನು ಗ್ರಂಥಾಲಯದ ಡೇಟಾಬೇಸ್‌ನಲ್ಲಿ ಮಾಡಿ. ಸಮಯವಿಲ್ಲದಿದ್ದರೆ ನಿಮ್ಮ ಕಾಲೇಜಿನ ಗ್ರಂಥಪಾಲಕರಿಗೆ ಒಂದು ಇಮೇಲ್ ಬರೆಯಿರಿ, ಸಂಕೋಚ ಬೇಡ.

ಇನ್ನೊಬ್ಬ ಪ್ರಶ್ನೆಗಾರ್ತಿ: ನಮ್ಮ ಕಂಪನಿಯದೇ ಮಾರಾಟದ ಅಂಕಿಗಳನ್ನು ಹಾಕಬಹುದೇ?

ಗ್ರಂಥಪಾಲಕಿ: ಮೇಲಧಿಕಾರಿಯ ಲಿಖಿತ ಅನುಮತಿ ಇದ್ದರೆ ಮಾತ್ರ. ಆಗಲೂ ಅಂಕಿ ಯಾವ ಅವಧಿಯದು, ಹೇಗೆ ಸಂಗ್ರಹಿಸಿದ್ದು ಎಂದು ಬರೆಯಿರಿ. ಗ್ರಾಹಕರ ಹೆಸರುಗಳನ್ನು ತೆಗೆದುಬಿಡಿ.