ಜೈಲಿನ ಬಾಗಿಲಿನಿಂದ ಕ್ಲಿನಿಕ್‌ವರೆಗೆ: ಕೆಂಟಕಿಯ ಗುಡ್ಡಗಾಡಿನ ಅನುಭವಗಳು

ಪ್ರಶ್ನೆ
ಅಮೆರಿಕದ ಕೆಂಟಕಿ ರಾಜ್ಯದ ಪೂರ್ವ ಗುಡ್ಡಗಾಡಿನ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ನಾನು ಮೂರು ತಿಂಗಳಿನಿಂದ ಸಮಾಜ ಕಾರ್ಯಕರ್ತೆಯಾಗಿದ್ದೇನೆ. ಓಪಿಯಾಯ್ಡ್ (ಅಫೀಮಿನ ಬಗೆಯ ಮಾದಕ ವಸ್ತು) ಚಟಕ್ಕೆ ಸಿಲುಕಿದ ಹೆಂಗಸರು ಕೌಂಟಿ ಜೈಲಿನಿಂದ ಬಿಡುಗಡೆಯಾದಾಗ ಅವರನ್ನು ಚಿಕಿತ್ಸೆಗೆ ಸೇರಿಸುವುದು ನನ್ನ ಕೆಲಸ. ಹೊರಬಂದ ವಾರದೊಳಗೆ ಕ್ಲಿನಿಕ್‌ನಲ್ಲಿ ಭೇಟಿ ಗೊತ್ತುಮಾಡಿ ಚೀಟಿ ಕೊಡುತ್ತೇನೆ, ಆದರೆ ಹೆಚ್ಚಿನವರು ಬರುವುದೇ ಇಲ್ಲ. ಇಂಥ ಊರುಗಳಲ್ಲಿ ದುಡಿದ ಕನ್ನಡಿಗರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ವೈದ್ಯೆಯೊಬ್ಬರ ಉತ್ತರ
ವೈದ್ಯರ ಕೊರತೆಯಿರುವ ಕಡೆ ದುಡಿಯಲು ಒಪ್ಪುವ ವಿದೇಶಿ ವೈದ್ಯರಿಗೆ ಸಿಗುವ ಜೆ-1 ವೀಸಾ ವಿನಾಯಿತಿಯ ಮೇಲೆ ಈ ಸೀಮೆಗೆ ಬಂದು, ಮೂರು ವರ್ಷದ ಕರಾರು ಮುಗಿದ ಮೇಲೂ ಇಲ್ಲೇ ಉಳಿದವಳು ನಾನು. ಚಿಕಿತ್ಸೆ ಬಿಡುಗಡೆಯ ನಂತರ ಶುರುವಾಗಬೇಕೆಂದು ನೀವು ಯೋಜಿಸಿರುವುದೇ ಮೊದಲ ತೊಡಕು ಎಂದು ನನಗನ್ನಿಸುತ್ತದೆ. ಜೈಲಿನಲ್ಲಿ ಕೆಲವು ವಾರ ಮಾದಕ ವಸ್ತುವಿಲ್ಲದೆ ಕಳೆದ ದೇಹ ಅದನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ, ಹಂಬಲ ಮಾತ್ರ ಉಳಿದಿರುತ್ತದೆ. ಹಾಗಾಗಿ ಹೊರಬಂದವಳು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ, ಅದರಲ್ಲೂ ಫೆಂಟನಿಲ್ ಎಂಬ ಅತಿ ತೀವ್ರ ಓಪಿಯಾಯ್ಡ್ ಬೆರೆತದ್ದಾದರೆ, ಉಸಿರೇ ನಿಂತುಹೋಗಬಹುದು. ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಹೊರಬಂದವರ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ಎರಡು ವಾರಗಳಲ್ಲಿ ಮಿತಿಮೀರಿದ ಸೇವನೆಯಿಂದ ಸಾಯುವ ಅಪಾಯ ಆ ರಾಜ್ಯದ ಇತರ ನಿವಾಸಿಗಳಿಗಿಂತ 129 ಪಟ್ಟು ಹೆಚ್ಚಾಗಿತ್ತು.

ಆದ್ದರಿಂದ ಹಂಬಲವನ್ನು ತಗ್ಗಿಸುವ ಔಷಧವಾದ ಬ್ಯುಪ್ರೆನಾರ್ಫಿನ್ ಒಳಗಿರುವಾಗಲೇ ಶುರುವಾಗಲಿ. ನಾಲಿಗೆಯಡಿ ಇಡುವ ಔಷಧ ಒಗ್ಗಿದ ಮೇಲೆ, ಬಿಡುಗಡೆಗೆ ಮುನ್ನ ತಿಂಗಳಿಗೊಮ್ಮೆ ಕೊಡುವ ಅದರದೇ ಚುಚ್ಚುಮದ್ದು ಹಾಕಿಸಲು ಸಾಧ್ಯವಾದರೆ ಅತಿ ಅಪಾಯದ ದಿನಗಳು ಅದರ ರಕ್ಷಣೆಯಲ್ಲೇ ಕಳೆಯುತ್ತವೆ. ಅನೇಕ ಜೈಲುಗಳು ಓಪಿಯಾಯ್ಡ್ ಅಮಲನ್ನೇ ತಡೆಯುವ ನಾಲ್ಟ್ರೆಕ್ಸೋನ್ ಚುಚ್ಚುಮದ್ದನ್ನೇ ಇಷ್ಟಪಡುತ್ತವೆ. ಕೆಲವರಿಗೆ ಅದು ಹೊಂದುತ್ತದೆ, ಆದರೆ ಮುಂದಿನ ಚುಚ್ಚುಮದ್ದು ತಪ್ಪಿದರೆ ಆಕೆ ಯಾವ ತಾಳಿಕೆಯೂ ಇಲ್ಲದೆ ಉಳಿಯುತ್ತಾಳೆ ಎಂಬ ಭಯ ನನಗಿದೆ. ಗರ್ಭಿಣಿಯರಿಗೆ ಹಂಬಲ ತಗ್ಗಿಸುವ ಇನ್ನೊಂದು ಔಷಧವಾದ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡಬೇಕು. ಔಷಧವಿಲ್ಲದೆ ಒಮ್ಮೆಲೇ ಬಿಡಿಸಲು ಹೋಗಬಾರದು. ಮೆಥಡೋನ್ ಸಿಗುವುದು ಪರವಾನಗಿ ಪಡೆದ ಕೇಂದ್ರಗಳಲ್ಲಿ ಮಾತ್ರ, ಮೊದಮೊದಲು ಬಹುತೇಕ ದಿನವೂ ಹೋಗಬೇಕಾಗುತ್ತದೆ, ಆದ್ದರಿಂದ ಕಣಿವೆಯ ಒಳಗಿನ ಹಳ್ಳಿಯವಳಿಗೆ ಅದು ಕಷ್ಟ.

ಕೆಂಟಕಿಯಲ್ಲಿ ಜೈಲರ್ ಎಂಬುದು ಜನರೇ ಆರಿಸುವ ಹುದ್ದೆ. ಅವರನ್ನು ಖುದ್ದಾಗಿ ಕಂಡು ಮಾತನಾಡಿ. ಬಂಧನಕ್ಕೆ ಮೊದಲೇ ವೈದ್ಯರು ಬರೆದುಕೊಟ್ಟಿದ್ದ ಈ ಔಷಧವನ್ನು ಮುಂದುವರಿಸಲು ಜೈಲು ಬಿಡದಿದ್ದರೆ ಅದು ಅಂಗವಿಕಲರ ಹಕ್ಕುಗಳ ಕಾನೂನಿನ ಉಲ್ಲಂಘನೆಯಾಗಬಹುದೆಂದು ಕೇಂದ್ರ ನ್ಯಾಯ ಇಲಾಖೆ 2022ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಆ ಮಾರ್ಗಸೂಚಿಯ ಪ್ರತಿ ನಿಮ್ಮ ಚೀಲದಲ್ಲಿರಲಿ.

ಔಷಧ ಅಂಗಡಿಯವರ ಉತ್ತರ
ಬ್ಯುಪ್ರೆನಾರ್ಫಿನ್ ಬರೆಯಲು ಬೇಕಿದ್ದ ವಿಶೇಷ ಅನುಮತಿಯನ್ನು 2022ರ ಕೊನೆಯಲ್ಲಿ ರದ್ದುಮಾಡಿದ್ದಾರೆ, ಹಾಗಾಗಿ ಊರಿನ ಸಾಮಾನ್ಯ ಕ್ಲಿನಿಕ್‌ನ ಔಷಧ ಬರೆದುಕೊಡಬಲ್ಲ ನರ್ಸ್ ಪ್ರಾಕ್ಟಿಷನರ್‌ರನ್ನೂ ಕೇಳಬಹುದು. ಚೀಟಿ ಬರೆಸಿದರೆ ಸಾಲದು, ಅಂಗಡಿಯಲ್ಲಿ ದಾಸ್ತಾನಿದೆಯೇ ಎಂದು ಮುಂಚೆಯೇ ಫೋನ್ ಮಾಡಿ ಕೇಳಿ. ಮಿತಿಮೀರಿ ಸೇವಿಸಿದವರ ಉಸಿರನ್ನು ಮರಳಿಸಲು ಮೂಗಿಗೆ ಸಿಂಪಡಿಸುವ ನಲಾಕ್ಸೋನ್ 2023ರಿಂದ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ಅದನ್ನು ಅವಳ ಕೈಗಷ್ಟೇ ಕೊಡಬೇಡಿ. ಪ್ರಜ್ಞೆ ತಪ್ಪಿದವಳು ತಾನೇ ಬಳಸಿಕೊಳ್ಳಲಾರಳು, ಮನೆಯಲ್ಲಿರುವ ತಾಯಿಗೋ ತಂಗಿಗೋ ತೋರಿಸಿಕೊಡಿ. ಮೆಡಿಕೇಯ್ಡ್ (ಬಡವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಮತ್ತೆ ಚಾಲ್ತಿಗೆ ಬಂದಿದೆಯೇ ಎಂಬುದನ್ನೂ ಬಿಡುಗಡೆಗೆ ಮುನ್ನವೇ ನೋಡಿಕೊಳ್ಳಿ.

ಕಾರು ಓಡಿಸುವ ಸ್ವಯಂಸೇವಕಿಯ ಉತ್ತರ
ನನಗೆ ಔಷಧಗಳ ವಿಷಯ ತಿಳಿಯದು, ದಾರಿಯ ವಿಷಯ ತಿಳಿದಿದೆ. ನಾನು ಕರೆದೊಯ್ದ ಹೆಂಗಸರಲ್ಲಿ ಅನೇಕರಿಗೆ ಚಾಲನಾ ಪರವಾನಗಿ ಇರಲಿಲ್ಲ, ಫೋನ್ ಕಳೆದುಹೋಗಿತ್ತು, ಮಕ್ಕಳು ಅಜ್ಜಿಯ ಬಳಿಯಲ್ಲಿದ್ದರು. ಕ್ಲಿನಿಕ್‌ಗೆ ಹೋದರೆ ಚಟ ಬಹಿರಂಗವಾಗಿ ಮಕ್ಕಳು ಶಾಶ್ವತವಾಗಿ ಕೈತಪ್ಪುತ್ತಾರೆಂಬ ಹೆದರಿಕೆ ಅವರನ್ನು ಮನೆಯಲ್ಲೇ ಕೂರಿಸುತ್ತದೆ. ಆ ಮನೆಯಲ್ಲಿ ಅದೇ ಮಾಲನ್ನು ಸೇವಿಸುವ ಗಂಡನೋ ಸಂಗಾತಿಯೋ ಇರುವುದೂ ಉಂಟು. ಮಕ್ಕಳ ಪ್ರಕರಣ ನೋಡುವ ಅಧಿಕಾರಿಗೆ ಚಿಕಿತ್ಸೆಯ ಪತ್ರವೊಂದನ್ನು ಕೊಡಿಸಿದ್ದು, ನನ್ನ ಅನುಭವದಲ್ಲಿ, ಯಾವ ಉಪದೇಶಕ್ಕಿಂತಲೂ ಹೆಚ್ಚು ಕೆಲಸ ಮಾಡಿದೆ.

ಒಮ್ಮೆ ಬೆಳಿಗ್ಗೆ ಎಂಟಕ್ಕೆ ಜೈಲಿನ ಮುಂದೆ ನಿಂತಿದ್ದೆ. ಆಕೆಯನ್ನು ನಡುರಾತ್ರಿಯಲ್ಲೇ ಬಿಟ್ಟಿದ್ದರು. ಆಮೇಲೆ ಅವಳು ನನಗೆ ಸಿಗಲೇ ಇಲ್ಲ. ಅಂದಿನಿಂದ ಪ್ರತಿಯೊಬ್ಬಳನ್ನೂ ಒಳಗಿರುವಾಗಲೇ ಎರಡು ಸಲವಾದರೂ ಹೋಗಿ ಕಾಣುತ್ತೇನೆ, ನನ್ನ ಮುಖ ಅವಳಿಗೆ ಗುರುತಾಗಲಿ ಎಂದು. ಬಿಡುಗಡೆಯ ಹಿಂದಿನ ಸಂಜೆ ಜೈಲಿಗೆ ಫೋನ್ ಮಾಡಿ ಗಂಟೆ ಕೇಳುತ್ತೇನೆ. ಅವರು ಹೇಳದಿದ್ದರೆ ರಾತ್ರಿ ಹನ್ನೊಂದೂವರೆಗೇ ಹೋಗಿ ಕಾರಿನಲ್ಲಿ ಕಾಯುತ್ತೇನೆ.