ನಶ್ಯದ ಮೇಷ್ಟ್ರೂ ಧೂಳೆಳೆಯುವ ಯಂತ್ರವೂ

ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್ ಮರದ ಹೊಟ್ಟನ್ನು ನುಂಗಿ ಪ್ರಾಣಬಿಟ್ಟ ದಿನವೇ, ಮರಗೆಲಸದ ಶೆಡ್ಡಿಗೆ ಎಂಥ ಧೂಳೆಳೆಯುವ ಯಂತ್ರ ಕೊಳ್ಳಬೇಕೆಂಬ ಈ ಚರ್ಚೆಗೆ ನಾಂದಿಯಾಯಿತು. ಕೋಲಾರದಲ್ಲಿ ಅಂತರಗಂಗೆ ಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಆಚಾರ್ರ ಶೆಡ್ಡಿದೆ. ಭಾನುವಾರ ಬೆಳಗ್ಗೆ ಅಲ್ಲಿ ನಾವು ನಾಲ್ವರು ಸೇರುತ್ತೇವೆ. ನಾಲ್ವರಲ್ಲಿ ಕಸುಬು ಬಲ್ಲವರು ಆಚಾರ್ರು ಒಬ್ಬರೇ. ನಿವೃತ್ತ ಗಣಿತದ ಮೇಷ್ಟ್ರು, ನಿವೃತ್ತ ಲೈನ್‌ಮನ್ ಅಣ್ಣ ಮತ್ತು ತಾಲ್ಲೂಕು ಕಚೇರಿಯಲ್ಲಿ ಕಡತಗಳ ಧೂಳು ಕುಡಿದು ಹೊರಬಂದ ನಾನು, ಒಳ್ಳೆಯ ಮರವನ್ನು ಹಾಳುಮಾಡುವ ಹವ್ಯಾಸವನ್ನು ಅವರ ಶೆಡ್ಡಿನಲ್ಲಿ ಬಾಡಿಗೆಯಿಲ್ಲದೆ ನಡೆಸಿಕೊಂಡು ಬಂದಿದ್ದೇವೆ.

ಮೇಷ್ಟ್ರು ಮೊಮ್ಮಗಳಿಗೆಂದು ಮಾವಿನ ಹಲಗೆಯಲ್ಲಿ ಒಂದು ಪೀಠ ಮಾಡುತ್ತಿದ್ದರು. ಉಪ್ಪುಕಾಗದ ಹಿಡಿದು ಕೈಯಲ್ಲಿ ಉಜ್ಜುತ್ತಿದ್ದಾಗ ಇಲ್ಲದ ತೊಂದರೆ ವಿದ್ಯುತ್ ಸ್ಯಾಂಡರ್ ಬಂದ ಮೇಲೆ ಶುರುವಾಯಿತು. ಅದು ತಿರುಗಲು ಶುರುಮಾಡಿದ ಐದು ನಿಮಿಷದಲ್ಲಿ ಶೆಡ್ಡಿನೊಳಗೆ ನಾವು ಒಬ್ಬರ ಮುಖವನ್ನು ಒಬ್ಬರು ದನಿಯಿಂದ ಗುರುತಿಸಬೇಕಾಗುತ್ತಿತ್ತು. ಆಗ ನಾನು ಮನೆಯೊಡತಿಗೆ ತಿಳಿಯದಂತೆ ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದೆ. ಅದು ಅರ್ಧ ಗಂಟೆ ನಿಷ್ಠೆಯಿಂದ ದುಡಿಯಿತು, ಆಮೇಲೆ ಹೊಗೆಯಾಡಿತು.

ಲೈನ್‌ಮನ್ ಅಣ್ಣ ಅದನ್ನು ಬಿಚ್ಚಿ ಶವಪರೀಕ್ಷೆ ನಡೆಸಿದರು. "ಇದು ತಾನು ಎಳೆದ ಗಾಳಿಯಿಂದಲೇ ತನ್ನ ಮೋಟಾರನ್ನು ತಂಪು ಮಾಡಿಕೊಳ್ಳುವ ಜಾತಿಯದು. ಸಣ್ಣ ಧೂಳು ಫಿಲ್ಟರಿಗೆ ಮೆತ್ತಿಕೊಂಡು ಗಾಳಿ ನಿಂತಿತು, ಗಾಳಿ ನಿಂತದ್ದಕ್ಕೆ ಮೋಟಾರು ಬೆಂದಿತು. ಕಾರ್ಖಾನೆಗೆಂದು ಮಾಡಿದ ಯಂತ್ರದಲ್ಲಿ ಮೋಟಾರು ತಂಪಾಗಲು ಬೇರೆ ಗಾಳಿಯ ದಾರಿ ಇರುತ್ತದೆ. ನೀವು ಎತ್ತಿಗೆ ಹೂಡುವ ನೊಗವನ್ನು ಕರುವಿನ ಹೆಗಲಿಗೆ ಇಟ್ಟಿರಿ" ಎಂದು ಅವರು ತೀರ್ಪು ಕೊಟ್ಟರು. ಆ ಕರುವಿನ ಒಡತಿಗೆ ನಾನು ಏನು ಹೇಳಿದೆ, ಆಕೆ ನನಗೆ ಏನು ಹೇಳಿದಳು ಎಂಬುದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ನಾಲ್ವರೂ ಹಣ ಹಾಕಿ, ಎತ್ತಿ ಒಯ್ಯಬಹುದಾದ ಒಂದು ಡಸ್ಟ್ ಎಕ್ಸ್‌ಟ್ರಾಕ್ಟರನ್ನು, ಅಂದರೆ ಧೂಳೆಳೆಯಲೆಂದೇ ಮಾಡಿದ ಯಂತ್ರವನ್ನು, ಕೊಳ್ಳುವುದೆಂದು ಅಂದೇ ತೀರ್ಮಾನವಾಯಿತು. ಯಾವುದನ್ನು ಎಂಬ ತೀರ್ಮಾನಕ್ಕೆ ಮಾತ್ರ ಏಳು ಭಾನುವಾರಗಳು ಹಿಡಿದವು.

ಮೊದಲ ಭಾನುವಾರ ಮೇಷ್ಟ್ರು ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆಯನ್ನು ಶಾಸ್ತ್ರೋಕ್ತವಾಗಿ ಏರಿಸಿ, ಮೂಗು ಒರೆಸಿಕೊಂಡು, "ಮರದ ಧೂಳು ಮೂಗಿಗೆ ಒಳ್ಳೆಯದಲ್ಲ" ಎಂದು ಪೀಠಿಕೆ ಹಾಕಿದರು. ಹಣ ಕೊಟ್ಟು ಮೂಗಿಗೆ ಪುಡಿ ತುಂಬಿಕೊಳ್ಳುವವರ ಬಾಯಲ್ಲಿ ಈ ಮಾತು ಬಂದುದಕ್ಕೆ ಆಚಾರ್ರು ನಕ್ಕುಬಿಟ್ಟರು. ಆದರೆ ಮಾತು ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೆಯ ಗುಂಪಿಗೆ ಸೇರಿಸಿದೆ, ಅದು ಹೆಸರಿಸಿರುವ ಅಂಗವೂ ಮೂಗೇ. ಬೀಟೆಯ ಧೂಳಿಗೆ ಮೈ ತುರಿಸುತ್ತದೆ ಎಂಬುದನ್ನು ಆಚಾರ್ರು ಯಾವ ಸಂಸ್ಥೆಯ ಸಹಾಯವೂ ಇಲ್ಲದೆ ಇಪ್ಪತ್ತನೆಯ ವಯಸ್ಸಿನಲ್ಲಿಯೇ ಕಂಡುಕೊಂಡಿದ್ದರು.

"ಕಾಣುವ ಹೊಟ್ಟು ಬಿಡಿ, ಅದನ್ನು ಗುಡಿಸಬಹುದು" ಎಂದರು ಲೈನ್‌ಮನ್ ಅಣ್ಣ. "ಬಂಗಾರಪೇಟೆಯ ಪಾನಿಪೂರಿಯ ನೀರನ್ನು ನೋಡಿಲ್ಲವೇ? ಲೋಟದಲ್ಲಿ ಕೊಳಾಯಿ ನೀರಿನಂತೆ ತಿಳಿಯಾಗಿರುತ್ತದೆ, ಬಾಯಿಗೆ ಹಾಕಿದರೆ ಕಣ್ಣಲ್ಲಿ ನೀರು. ಸ್ಯಾಂಡರ್ ನಿಲ್ಲಿಸಿದ ಒಂದು ಗಂಟೆಯ ಮೇಲೆ ಈ ಶೆಡ್ಡಿನ ಗಾಳಿಯೂ ಹಾಗೆಯೇ. ಹತ್ತು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ, ಸಣ್ಣ ಕಣ ಕಣ್ಣಿಗೆ ಕಾಣುವುದಿಲ್ಲ, ಗಂಟೆಗಟ್ಟಲೆ ತೇಲುತ್ತಿರುತ್ತದೆ. ಪೊರಕೆ ಹಿಡಿದರೆ ಕೆಳಗೆ ಕೂತದ್ದೂ ಮತ್ತೆ ಎದ್ದು ಬರುತ್ತದೆ." ಅವರು ಕೆ.ಜಿ.ಎಫ್. ಕಡೆಯವರು. ಚಿನ್ನದ ಗಣಿಯೊಳಗಿನ ಕಲ್ಲಿನ ಧೂಳು ಕಾರ್ಮಿಕರ ಎದೆಯಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವಾಗಿ ಕೂತ ಊರು ಅದು. ಗಣಿ 2001ರಲ್ಲಿ ಮುಚ್ಚಿದ ಮೇಲೂ ನಿಲ್ಲದ ಆ ಕೆಮ್ಮನ್ನು ಚಿಕ್ಕಂದಿನಿಂದ ಕೇಳಿದವರೊಂದಿಗೆ ಧೂಳಿನ ವಿಷಯದಲ್ಲಿ ಚೌಕಾಸಿ ಮಾಡಲು ನಮಗೆ ನಾಲಿಗೆ ಏಳಲಿಲ್ಲ.

ಚೌಕಾಸಿ ಅಂಗಡಿಯ ಪಟ್ಟಿ ಬಂದ ಮೇಲೆ ಎದ್ದಿತು. ಆಚಾರ್ರು ವ್ಯಾಟ್ ಹೆಚ್ಚಿದ್ದ ಯಂತ್ರದ ಮೇಲೆ ಬೆರಳಿಟ್ಟು, ಹೆಚ್ಚು ವ್ಯಾಟ್ ಎಂದರೆ ಹೆಚ್ಚು ಎಳೆತ ಎಂದರು. ಹೆಚ್ಚು ಊಟ ಮಾಡುವವನು ಹೆಚ್ಚು ದುಡಿಯುತ್ತಾನೆಂದು ಯಾವ ಶಾಸ್ತ್ರದಲ್ಲಿದೆ ಎಂದು ಮೇಷ್ಟ್ರು ಕೇಳಿದರು. ವ್ಯಾಟ್ ಎಂಬುದು ಯಂತ್ರ ತಿನ್ನುವುದರ ಲೆಕ್ಕ. ಅದು ಮಾಡುವ ಕೆಲಸಕ್ಕೆ ಬೇರೆ ಎರಡು ಅಂಕಿಗಳಿವೆ. ಒಂದು, ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಎಳೆಯುತ್ತದೆ ಎಂಬುದು, ಇನ್ನೊಂದು ಎಷ್ಟು ಒತ್ತಡದಿಂದ ಎಳೆಯುತ್ತದೆ ಎಂಬುದು. ಈ ಬಗೆಯ ಯಂತ್ರಗಳಲ್ಲಿ ಮೊದಲನೆಯದು ಸುಮಾರು 60ರಿಂದ 65 ಲೀಟರ್, ಎರಡನೆಯದು 20ರಿಂದ 25 ಕಿಲೋಪಾಸ್ಕಲ್ ಇರುತ್ತದೆ. ಇಲ್ಲೊಂದು ಮೋಸವಿದೆ: ಗಾಳಿಯನ್ನು ಅಳೆಯುವಾಗ ಬಾಯಿ ಪೂರ್ತಿ ತೆರೆದಿರುತ್ತದೆ, ಒತ್ತಡವನ್ನು ಅಳೆಯುವಾಗ ಬಾಯಿ ಪೂರ್ತಿ ಮುಚ್ಚಿರುತ್ತದೆ, ಆದ್ದರಿಂದ ಎರಡೂ ಒಟ್ಟಿಗೆ ನಿಮ್ಮ ಕೈಗೆ ಸಿಗುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗನ ಸಂಬಳವನ್ನೂ ಬಿಡುವಿನ ಹೊತ್ತನ್ನೂ ಒಂದೇ ಉಸಿರಿನಲ್ಲಿ ಹೇಳುವಂತೆ, ಎಂದು ಮೇಷ್ಟ್ರು ಉದಾಹರಣೆ ಕೊಟ್ಟರು. ಅವರಿಗೆ ಮೂವರು ಹೆಣ್ಣುಮಕ್ಕಳು.

ಪೈಪಿನ ದಪ್ಪದ ವಿಷಯದಲ್ಲಿ ನಾನು ಬೈಸಿಕೊಂಡೆ. ಸ್ಯಾಂಡರಿಗೆ 27 ಮಿಲಿಮೀಟರಿನದು, ಕಟಿಂಗ್ ಮಷೀನಿಗೂ ಮರದಲ್ಲಿ ಗೀರುಕಾಲುವೆ ಕೊರೆಯುವ ನನ್ನ ರೂಟರಿಗೂ 36ರದ್ದು ಎಂಬ ರೂಢಿಯನ್ನು ಕೇಳಿ, ಎಲ್ಲಕ್ಕೂ ಸಣ್ಣದೇ ಸಾಕು, ಒಂಬತ್ತು ಮಿಲಿಮೀಟರಿನಲ್ಲಿ ಏನಿದೆ ಎಂದುಬಿಟ್ಟೆ. ಮೇಷ್ಟ್ರು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಎರಡು ವೃತ್ತ ಬರೆದು, ವ್ಯಾಸದ ವರ್ಗಕ್ಕೆ ತಕ್ಕಂತೆ ಬಾಯಿಯ ವಿಸ್ತಾರ ಬದಲಾಗುತ್ತದೆಂದೂ, 36ರಿಂದ 27ಕ್ಕೆ ಇಳಿದರೆ ಉಳಿಯುವುದು ಶೇಕಡಾ 56 ಮಾತ್ರವೆಂದೂ, ಇಂಥದ್ದು ಗೊತ್ತಿಲ್ಲದವರು ತಾಲ್ಲೂಕು ಕಚೇರಿಯಲ್ಲಿ ಜಮೀನಿನ ವಿಸ್ತೀರ್ಣ ಬರೆದುದರಿಂದಲೇ ಜಿಲ್ಲೆಯಲ್ಲಿ ಇಷ್ಟೊಂದು ವ್ಯಾಜ್ಯಗಳಿವೆಯೆಂದೂ ವಿವರಿಸಿದರು. ಸ್ಯಾಂಡರಿನ ತಟ್ಟೆಯ ಸಣ್ಣ ತೂತುಗಳ ಮೂಲಕ ಧೂಳೆಳೆಯಲು ಒತ್ತಡ ಬೇಕು. ಕಟಿಂಗ್ ಮಷೀನು ಕಾರುವ ಹೊಟ್ಟನ್ನು ಹಿಡಿಯಲು ಗಾಳಿಯೂ ಬೇಕು, ಅಗಲವಾದ ದಾರಿಯೂ ಬೇಕು. ಹಲಗೆ ಹೆರೆಯುವ ಆಚಾರ್ರ ದೊಡ್ಡ ಪ್ಲೇನರ್ ಉದುರಿಸುವ ಸುರುಳಿ ಚಕ್ಕೆಗೆ ಈ ಎರಡೂ ಪೈಪುಗಳು ಸಾಲವು, ಅದಕ್ಕೆ ನೂರು ಮಿಲಿಮೀಟರಿನ ಪೈಪಿರುವ, ಗಾಳಿಚೀಲ ಹೊತ್ತು ಒಂದೇ ಕಡೆ ನಿಲ್ಲುವ ಬೇರೆ ಯಂತ್ರವೇ ಬೇಕು. ಪ್ಲೇನರನ್ನು ಹೊರಗೆ ಹೊಂಗೆ ಮರದ ಕೆಳಗೆ ಇಟ್ಟು ಚಕ್ಕೆಯನ್ನು ನೀರೊಲೆಗೆ ಒಯ್ಯುವುದೆಂದು ಆಚಾರ್ರ ಮನೆಯವರು ಒಳಗಿನಿಂದಲೇ ತೀರ್ಪು ಕೊಟ್ಟು ಆ ಅಧ್ಯಾಯವನ್ನು ಮುಗಿಸಿದರು.

ಯಂತ್ರದ ಮೈಮೇಲೆ ಒಂದು ಸಾಕೆಟ್ ಇರಬೇಕು ಎಂಬುದು ಲೈನ್‌ಮನ್ ಅಣ್ಣನ ಪಟ್ಟು. ಕಟಿಂಗ್ ಮಷೀನಿನ ಪ್ಲಗ್ಗನ್ನು ಅದಕ್ಕೆ ಚುಚ್ಚಿದರೆ, ಮಷೀನಿನ ಗುಂಡಿ ಒತ್ತಿದ ಕೂಡಲೇ ಎಳೆಯುವ ಯಂತ್ರವೂ ತಾನಾಗಿ ಏಳುತ್ತದೆ, ಮಷೀನು ನಿಂತ ಮೇಲೆ ಕೆಲವು ಸೆಕೆಂಡು ತಾನೊಂದೇ ಓಡಿ ಪೈಪಿನಲ್ಲಿ ಉಳಿದ ಹೊಟ್ಟನ್ನು ನುಂಗಿ ಮಲಗುತ್ತದೆ. ಆದರೆ ಎರಡರ ಹೊರೆಯೂ ಒಂದೇ ಗೋಡೆಯ ಪ್ಲಗ್ಗಿನ ಮೇಲೆ ಬೀಳುತ್ತದೆ. ಯಂತ್ರ 1200 ವ್ಯಾಟ್, ಕಟಿಂಗ್ ಮಷೀನು 1400, ಒಟ್ಟು 2600. 230 ವೋಲ್ಟಿನಲ್ಲಿ ಅದು ಹನ್ನೊಂದು ಆಂಪಿಯರ್ ದಾಟುತ್ತದೆ. ಆಚಾರ್ರ ಶೆಡ್ಡಿನಲ್ಲಿದ್ದುದು ಆರು ಆಂಪಿಯರಿನ ಸಾಕೆಟ್, ಅದೂ ಅವರ ತಂದೆಯವರ ಕಾಲದ್ದು. "ಹದಿನಾರು ಆಂಪಿಯರಿನ ಪವರ್ ಪ್ಲಗ್ ಹಾಕಿಸಿ, ಅರ್ಥಿಂಗ್ ಸರಿಮಾಡಿಸಿ, ಆಮೇಲೆ ಯಂತ್ರದ ಹೆಸರೆತ್ತಿ" ಎಂದು ಅಣ್ಣ ಗುಡುಗಿದರು. ಒಣ ಹೊಟ್ಟು ಪ್ಲಾಸ್ಟಿಕ್ ಪೈಪಿನಲ್ಲಿ ಓಡುವಾಗ ಸ್ಥಾಯೀ ವಿದ್ಯುತ್ತು ಹುಟ್ಟಿ ಕೈಗೆ ಚುರುಕ್ಕೆನ್ನುತ್ತದೆ, ಅದನ್ನು ಭೂಮಿಗೆ ಇಳಿಸುವ ಆಂಟಿಸ್ಟ್ಯಾಟಿಕ್ ಪೈಪು ಸಿಗುತ್ತದೆ, ಆದರೆ ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದು ಇಳಿಯುವುದಾದರೂ ಎಲ್ಲಿಗೆ? ಹೊರದೇಶದಿಂದ ನೇರವಾಗಿ ತರಿಸಿದ ಯಂತ್ರದ ಮೈಮೇಲಿನ ಸಾಕೆಟ್ ಎರಡು ದುಂಡು ಕಡ್ಡಿಯದಾಗಿದ್ದರೆ ನಮ್ಮ ಮೂರು ಕಡ್ಡಿಯ ಪ್ಲಗ್ಗು ಅದರೊಳಗೆ ಹೋಗುವುದಿಲ್ಲ ಎಂಬುದನ್ನೂ ಅವರೇ ಎಚ್ಚರಿಸಿದರು.

ಮುಂದಿನ ಎರಡು ಭಾನುವಾರಗಳನ್ನು ಎಲ್, ಎಂ, ಎಚ್ ಎಂಬ ಮೂರು ಅಕ್ಷರಗಳು ನುಂಗಿದವು. ಯೂರೋಪಿನವರು ಫಿಲ್ಟರಿನ ಯೋಗ್ಯತೆಗೆ ಇಟ್ಟ ವರ್ಗಗಳು ಅವು. ಜರ್ಮನಿಯ ಯಂತ್ರ ತಯಾರಕರಾದ ಫೆಸ್ಟೂಲಿನವರಂತೂ ಆ ಅಕ್ಷರವನ್ನು ಸಿಟಿಎಲ್, ಸಿಟಿಎಂ ಎಂದು ಯಂತ್ರದ ಹೆಸರಿಗೇ ಅಂಟಿಸಿದ್ದಾರೆ. ಎಲ್ ವರ್ಗದ ಫಿಲ್ಟರು ಪರೀಕ್ಷೆಯ ಧೂಳಿನಲ್ಲಿ ಶೇಕಡಾ 1ರಷ್ಟನ್ನು, ಎಂ ವರ್ಗದ್ದು 0.1ರಷ್ಟನ್ನು, ಎಚ್ ವರ್ಗದ್ದು 0.005ರಷ್ಟನ್ನು ಮೀರಿ ಹೊರಬಿಡಬಾರದು. ಮೇಷ್ಟ್ರು ಕೂಡಲೇ ಅದನ್ನು ತಮ್ಮ ಮಾನಕ್ಕೆ ಇಳಿಸಿದರು: "ಒಂದು ಕಿಲೋ ಧೂಳು ಎಳೆದರೆ ಎಲ್ ಹತ್ತು ಗ್ರಾಂ ಬಿಡಬಹುದು, ಅಂದರೆ ನನ್ನ ಒಂದು ಡಬ್ಬಿ. ಎಂ ಬಿಡುವುದು ಒಂದು ಗ್ರಾಂ, ನನಗೆ ಬೆಳಗಿನ ಹೊತ್ತಿಗೆ ಸಾಲದು. ಎಚ್ ಬಿಡುವುದರಲ್ಲಿ ಒಂದು ಸೀನೂ ಬರುವುದಿಲ್ಲ." ಹಾಗಾದರೆ ಎಚ್ ಕೊಳ್ಳೋಣ ಎಂದ ನನಗೆ, ಅದು ಕಲ್ನಾರು ಮುಂತಾದ ಘೋರ ಧೂಳಿನವರಿಗೆ, ಮರಕ್ಕೆ ಬ್ರಿಟನ್ನಿನಲ್ಲಿಯೂ ಎಂ ವರ್ಗವನ್ನೇ ಸೂಚಿಸುತ್ತಾರೆ ಎಂಬ ಉತ್ತರ ಬಂತು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ನಂಟರೊಬ್ಬರಿಗೂ ಯಂತ್ರವನ್ನು ಆಗಾಗ ಕೊಡಬೇಕಾದೀತೆಂದು ಆಚಾರ್ರು ನೆನಪಿಸಿದ್ದರಿಂದ ಎಲ್ ವರ್ಗ ಅಲ್ಲಿಯೇ ಬಿದ್ದುಹೋಯಿತು, ಏಕೆಂದರೆ ಕಲ್ಲಿನ ಸಿಲಿಕಾ ಧೂಳಿಗೆ ಅದು ಏನೇನೂ ಸಾಲದು. ನನಗೆ ಕೇಳಿದರೆ ಸ್ವಂತ ಯಂತ್ರವನ್ನು ನಂಟರಿಗೆ ಕೊಡುವ ಮಾತೇ ಎಲ್ಲ ಧೂಳಿಗಿಂತ ಅಪಾಯಕರ, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ದುಬಾರಿ ಫಿಲ್ಟರು ಬೇಗ ಕಟ್ಟದಿರಲೆಂದು ನಡುವೆ ಒಂದು ಸೈಕ್ಲೋನ್ ಕೂರಿಸುವ ಯೋಜನೆ ನನ್ನದೇ. ಶಂಕುವಿನಾಕಾರದ ಆ ಗೂಡಿನೊಳಗೆ ಗಾಳಿ ಸುಳಿಯಾಗಿ ತಿರುಗುವಾಗ ಭಾರದ ಹೊಟ್ಟು ಅಂಚಿಗೆ ಬಡಿದು ಕೆಳಗಿನ ಡಬ್ಬಕ್ಕೆ ಉದುರುತ್ತದೆ, ಮುಂದೆ ಫಿಲ್ಟರಿಗೆ ಹೋಗುವುದು ನಯವಾದ ಧೂಳು ಮಾತ್ರ. ಪ್ರಯೋಗಕ್ಕೆಂದು ಅಂಗಡಿಯವರು ಒಂದು ದಿನದ ಮಟ್ಟಿಗೆ ಯಂತ್ರ ಕೊಟ್ಟಿದ್ದರು, ಡಬ್ಬಕ್ಕೆ ನಾನು ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಬಕೆಟ್ಟನ್ನು ತಂದೆ. ಎಲ್ಲವೂ ಚೆನ್ನಾಗಿಯೇ ನಡೆದಿತ್ತು, ಆಚಾರ್ರ ಹೆಗಲಿನ ವಸ್ತ್ರ ಜಾರಿ ಪೈಪಿನ ಬಾಯಿಗೆ ಹೋಗುವ ತನಕ. ಬಾಯಿ ಕಟ್ಟಿದ ಕ್ಷಣದಲ್ಲಿ ನನ್ನ ಬಕೆಟ್ಟು "ಢಬ್" ಎಂದು ಒಳಕ್ಕೆ ಸೇದಿಕೊಂಡು ತಿಂದುಬಿಟ್ಟ ಸೀಬೆಹಣ್ಣಿನ ಆಕಾರಕ್ಕೆ ಬಂತು. ಮೇಷ್ಟ್ರು ಸಂತೋಷದಿಂದ ಲೆಕ್ಕ ಹಾಕಿದರು: ಮೂವತ್ತು ಸೆಂಟಿಮೀಟರ್ ಅಗಲದ ಮುಚ್ಚಳ, 20 ಕಿಲೋಪಾಸ್ಕಲ್ ಒತ್ತಡ, ಒಟ್ಟು ಸುಮಾರು 140 ಕಿಲೋ ಭಾರ. "ಆಚಾರ್ರೂ ಲೈನ್‌ಮನ್ನೂ ಒಟ್ಟಿಗೆ ಅದರ ಮೇಲೆ ಕೂತಂತೆ, ಸ್ವಾಮಿ." ಆಮೇಲೆ ದಪ್ಪ ಗೋಡೆಯ ಡ್ರಮ್ಮೊಂದನ್ನು ಹುಡುಕಿದೆವು.

ಏಳನೆಯ ಭಾನುವಾರ ಎಂ ವರ್ಗದ, ಸಾಕೆಟ್ ಇರುವ, ಫಿಲ್ಟರನ್ನು ತಾನೇ ಕೊಡವಿಕೊಳ್ಳುವ ಯಂತ್ರ ಶೆಡ್ಡಿಗೆ ಬಂತು. ಸ್ಯಾಂಡರಿನ ಬಾಯಿಗೂ ಪೈಪಿನ ಬಾಯಿಗೂ ಹೊಂದದಿದ್ದುದನ್ನು ಹಳೆಯ ಸೈಕಲ್ ಟ್ಯೂಬಿನ ತುಂಡೊಂದು ಸರಿಪಡಿಸಿತು. ಗುಂಡಿ ಒತ್ತಿದೆವು. ಯಂತ್ರ ಎದ್ದಿತು, ಎದ್ದ ಕೂಡಲೇ ಪೀಂ ಎಂದು ಕೂಗಿಕೊಳ್ಳತೊಡಗಿತು. ಹೊಸ ಯಂತ್ರ ಕೆಟ್ಟಿದೆ ಎಂದು ನಾನು, ಅರ್ಥಿಂಗ್ ಕೆಟ್ಟಿದೆ ಎಂದು ಆಚಾರ್ರು, ತಮ್ಮ ಅರ್ಥಿಂಗಿಗೆ ಹೆಸರಿಡಬಾರದೆಂದು ಅಣ್ಣ, ಮೂವರೂ ಕೂಗಿಕೊಂಡೆವು. ಕನ್ನಡಕ ಹಾಕಿಕೊಂಡು ಪುಸ್ತಕ ಓದಿದವರು ಮೇಷ್ಟ್ರು ಒಬ್ಬರೇ. ಎಂ ವರ್ಗದ ಯಂತ್ರವು ಪೈಪಿನೊಳಗಿನ ಗಾಳಿ ಸೆಕೆಂಡಿಗೆ 20 ಮೀಟರಿಗಿಂತ, ಅಂದರೆ ಹೆದ್ದಾರಿಯಲ್ಲಿ ಗಂಟೆಗೆ 72 ಕಿಲೋಮೀಟರ್ ಓಡುವ ಬಸ್ಸಿನ ವೇಗಕ್ಕಿಂತ, ಕಡಿಮೆಯಾದರೆ ಕೂಗಲೇಬೇಕು. ಆ ವೇಗಕ್ಕೆ 36ರ ಪೈಪಿಗೆ ಸೆಕೆಂಡಿಗೆ 20 ಲೀಟರ್ ಗಾಳಿ ಬೇಕು, 27ರದ್ದಕ್ಕೆ ಹನ್ನೊಂದೂವರೆ ಸಾಕು. ನಾವು ಸಣ್ಣ ಪೈಪು ಚುಚ್ಚಿ, ಯಂತ್ರದ ತಿರುಗುಗುಂಡಿಯನ್ನು 36ರಲ್ಲೇ ಬಿಟ್ಟಿದ್ದೆವು. ಮೇಷ್ಟ್ರು ಗುಂಡಿಯನ್ನು 27ಕ್ಕೆ ತಿರುಗಿಸಿದರು. ಕೂಗು ನಿಂತಿತು.

ಆ ಗೆಲುವಿನ ಸಂಭ್ರಮದಲ್ಲಿ ಅವರು ಡಬ್ಬಿಯ ಮುಚ್ಚಳ ತೆಗೆದು, ಎಡಗೈಯಲ್ಲಿ ಹಿಡಿದ ಪೈಪನ್ನು ಮರೆತು, ಒಂದು ಚಿಟಿಕೆಗಾಗಿ ಬಗ್ಗಿದರು. ಡಬ್ಬಿಯ ಒಳಗು ಕ್ಷಣದಲ್ಲಿ ತೊಳೆದಿಟ್ಟಂತೆ ಹೊಳೆಯಿತು. ಯಂತ್ರದ ಹಿಂದೆ, ಗಾಳಿ ಹೊರಬರುವ ಕಡೆ ಕೂತಿದ್ದ ಆಚಾರ್ರನ್ನು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಅವರು ಸೀನಲಿಲ್ಲ.

"ಎಂ ವರ್ಗವನ್ನು ನಾನು ಒಪ್ಪಿದ್ದೇನೆ" ಎಂದರು ಮೇಷ್ಟ್ರು, ತೇವವಾದ ಕಣ್ಣುಗಳಿಂದ. "ಈಗ ಆ ಡ್ರಮ್ಮಿನ ಮುಚ್ಚಳ ತೆಗೆಯಿರಿ."

"ಡ್ರಮ್ಮಿನಲ್ಲಿ ಬೀಳುವುದು ದಪ್ಪ ಹೊಟ್ಟು, ಮೇಷ್ಟ್ರೇ" ಎಂದರು ಆಚಾರ್ರು ಬಹಳ ಮರ್ಯಾದೆಯಿಂದ. "ನಿಮ್ಮದು ಒಳ್ಳೆಯ ನಯವಾದ ನಶ್ಯ, ಅದು ಯಂತ್ರದೊಳಗಿನ ಧೂಳಿನ ಚೀಲಕ್ಕೆ ಹೋಗಿರುತ್ತದೆ. ತುಂಬುವ ತನಕ ನಾನು ಚೀಲ ಬಿಚ್ಚುವುದಿಲ್ಲ."

ಅಂದಿನಿಂದ ಮೇಷ್ಟ್ರು ಪೈಪಿನಿಂದ ಆರಡಿ ದೂರದಲ್ಲಿ ಸ್ಟೂಲು ಹಾಕಿಕೊಂಡು, ಜೇಬಿನ ಗುಂಡಿ ಹಾಕಿಕೊಂಡು ಕೂರುತ್ತಾರೆ. ಚೀಲ ಎಷ್ಟು ತುಂಬಿದೆ ಎಂದು ಪ್ರತಿ ಭಾನುವಾರ ಕೇಳುತ್ತಾರೆ.